ಎತ್ತರದ ಹೊರೆ

ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಯಲ್ಲಿ ಚಾವಣಿಯ ಭಾರವನ್ನು ಕಲ್ಲುಕಂಬಗಳು ಹೊರುತ್ತವೆ. ಕಾಲೇ ಕಂಬ, ದೇಹವೇ ದೇಗುಲವೆಂದ ಶರಣರ ನಾಡಿದು. ಹಾಗಾದರೆ ಎತ್ತರದ ಮೈ ವರವೋ, ಹೊರೆಯೋ?

7 ಅಡಿ 6 ಇಂಚಿನ ಚೀನಾದ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾವೊ ಮಿಂಗ್ ಪಾದದ ಗಾಯಗಳಿಂದ ಬಳಲಿ 2011ರಲ್ಲಿ, 30ನೇ ವಯಸ್ಸಿಗೇ ಆಟ ಬಿಟ್ಟರು. ಲೆಕ್ಕ ನಿಷ್ಠುರ: ಅದೇ ಮೈಕಟ್ಟಿನಲ್ಲಿ ಎತ್ತರ ಎರಡು ಪಟ್ಟಾದರೆ ತೂಕ ಎಂಟು ಪಟ್ಟು, ಎಲುಬಿನ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕೇ ಪಟ್ಟು. ಆದರೂ ಎತ್ತರವನ್ನಷ್ಟೇ ದೂರುವುದು ಅನ್ಯಾಯ. 7 ಅಡಿ 2 ಇಂಚಿನ ಕರೀಂ ಅಬ್ದುಲ್ ಜಬ್ಬಾರ್ ಅದೇ ಆಟವನ್ನು 20 ಋತು ಆಡಿದರು.

ಎತ್ತರದ ಹೊರೆ ಕಾಲಿನ ಮೇಲೆ ಬೀಳುತ್ತದೆಂಬ ಗುಟ್ಟು ಶ್ರವಣಬೆಳಗೊಳದ ಶಿಲ್ಪಿಗೆ ಗೊತ್ತಿದ್ದಿರಬೇಕು.

ಸುಮಾರು 58 ಅಡಿಯ ಬಾಹುಬಲಿಯ ಕಾಲುಗಳ ಸುತ್ತ, ತೊಡೆಯವರೆಗೆ, ಬಂಡೆಯನ್ನು ಹುತ್ತವಾಗಿ ಉಳಿಸಿದ. ಅದರ ಸಂದುಗಳಿಂದ ಹಾವುಗಳು ಇಣುಕುತ್ತವೆ. ಹುತ್ತದಿಂದ ಮೇಲಿನ ಮೈಗೆ ಬೇರೆ ಆಸರೆಯಿಲ್ಲ. ಆಟಗಾರನ ಕಾಲಿಗೆ ಆ ಹುತ್ತವೂ ಇಲ್ಲ. ಪ್ರತಿ ಜಿಗಿತಕ್ಕೂ ಇಡೀ ಮೈ ಪಾದದ ಸಣ್ಣ ಎಲುಬುಗಳ ಮೇಲೆ ಬಂದಿಳಿಯುತ್ತದೆ.