ಯಾರಿಗೂ ಗೊತ್ತಾಗದ ರಿಪೇರಿ

1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಬಾನುಲಿ ಶುರು ಮಾಡಿದರು. ಅವರ ಟ್ರಾನ್ಸ್‌ಮಿಟರ್ 30 ವ್ಯಾಟ್‌ದು. ಇವತ್ತು ಅಷ್ಟು ಕರೆಂಟಲ್ಲಿ ಎರಡು ಎಲ್‌ಇಡಿ ಟ್ಯೂಬ್‌ಲೈಟು ಉರಿದರೆ ಹೆಚ್ಚು. ಆ ನಿಲಯದ ‘ಆಕಾಶವಾಣಿ’ ಅನ್ನೋ ಹೆಸರೇ ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯಿತು. ಆ ಮನೆಯಿಂದ ಕೂಗಳತೆ ದೂರದಲ್ಲೇ ಯಾದವಗಿರಿಯ ಈಗಿನ ಆಕಾಶವಾಣಿ ಇದೆ.

ಅದು ವಾಲ್ವ್‌ಗಳ ಕಾಲ. ಕೊನೆಯ ಹಂತದ ವಾಲ್ವ್ ಸುಟ್ಟರೆ ಪ್ರಸಾರ ನಿಂತೇ ಹೋಗೋದು. ಕೆಟ್ಟಿದೆ ಅಂತ ಊರಿಗೆಲ್ಲ ಗೊತ್ತು, ರಿಪೇರಿ ಮಾಡ್ಬೇಕಾ ಬೇಡ್ವಾ ಅನ್ನೋ ಪ್ರಶ್ನೆಯೇ ಇಲ್ಲ.

ಈಗಿನ ಎಫ್‌ಎಂ ಟ್ರಾನ್ಸ್‌ಮಿಟರುಗಳು ಹಾಗಲ್ಲ. ಒಳಗೆ ಒಂದೇ ಥರದ ಹಲವು ಪವರ್ ಮಾಡ್ಯೂಲುಗಳು. ಪ್ರತಿಯೊಂದರಲ್ಲೂ ಟ್ರಾನ್ಸಿಸ್ಟರುಗಳು, ಹಿಂದೆ ಅಲ್ಯೂಮಿನಿಯಂ ಹೀಟ್‌ಸಿಂಕ್, ಅದಕ್ಕೆ ಗಾಳಿ ಊದುವ ಫ್ಯಾನು. ಎಲ್ಲದರ ಶಕ್ತಿಯನ್ನೂ ಕಂಬೈನರ್ ಅನ್ನೋ ಭಾಗ ಕೂಡಿಸಿ ಆಂಟೆನಾಗೆ ಕಳಿಸುತ್ತೆ. ಒಂದು ಮಾಡ್ಯೂಲ್ ಸತ್ತರೂ ಪ್ರಸಾರ ನಿಲ್ಲಲ್ಲ. ಹಾಡು ಬರ್ತಾನೇ ಇರುತ್ತೆ, ವಾರ್ತೆ ಬರ್ತಾನೇ ಇರುತ್ತೆ.

ಆದರೆ ಲೆಕ್ಕ ನೋಡಿ. ಎಂಟು ಮಾಡ್ಯೂಲಲ್ಲಿ ಒಂದು ಹೋದರೆ ಎಂಟರಲ್ಲಿ ಏಳು ಪಾಲು ಹೊರಗೆ ಹೋಗಬೇಕು ತಾನೇ? ಹೋಗಲ್ಲ. ಸಾಮಾನ್ಯ ಕಂಬೈನರಿನಲ್ಲಿ ಹೊರಗೆ ಹೋಗೋದು ಏಳು ಬೈ ಎಂಟರ ವರ್ಗ, ಅಂದರೆ ಸುಮಾರು 77 ಪರ್ಸೆಂಟ್. ಜೋಡಿ ತಪ್ಪಿದ್ದರಿಂದ ಉಳಿದ ಏಳು ಹುಟ್ಟಿಸಿದ ಶಕ್ತಿಯಲ್ಲೂ ಒಂದಿಷ್ಟು ಪಕ್ಕದ ರೆಸಿಸ್ಟರಿಗೆ ಹರಿದು ಬರೀ ಬಿಸಿಯಾಗಿ ಹೋಗುತ್ತೆ. ಸತ್ತದ್ದು ಒಂದು, ನಷ್ಟ ಹೆಚ್ಚುಕಡಿಮೆ ಎರಡರದ್ದು. ಒಂದರ ಕೆಲಸ ನಿಂತಾಗ ಉಳಿದವರ ದುಡಿಮೆಯೂ ಪೋಲಾಗೋದನ್ನ ನಾನು ಆಫೀಸುಗಳಲ್ಲಿ ನೋಡಿದ್ದೆ, ಯಂತ್ರದಲ್ಲೂ ಹಾಗೇ ಇರುತ್ತೆ ಅಂತ ಗೊತ್ತಿರಲಿಲ್ಲ.

ಇಷ್ಟಾದರೂ ಮೈಸೂರಿನಂಥ ನಗರದೊಳಗೆ ಕೂತು ಕೇಳೋರಿಗೆ ವ್ಯತ್ಯಾಸ ತಿಳಿಯಲ್ಲ. ಹಾಗಾದರೆ ಯಾರಿಗೂ ಗೊತ್ತಾಗದ ದೋಷವನ್ನ ಸರಿಮಾಡಲೇಬೇಕಾ?

ಬೇಡ ಅನ್ನೋ ವಾದ ಹಗುರವಾದ್ದಲ್ಲ. ನಮ್ಮ ಸಾಫ್ಟ್‌ವೇರ್ ಲೋಕ ನಡೆಯೋದೇ ಅದರ ಮೇಲೆ. ಹತ್ತು ಸರ್ವರಲ್ಲಿ ಒಂದು ಬಿದ್ದರೆ ರಾತ್ರಿ ಎರಡು ಗಂಟೆಗೆ ಯಾರನ್ನೂ ಎಬ್ಬಿಸಬಾರದು, ಅದಕ್ಕೇ ತಾನೇ ಹತ್ತು ಇಟ್ಟಿರೋದು? ಮಾಡ್ಯೂಲ್ ರಿಪೇರಿಯೂ ಸುಲಭವಲ್ಲ. ಮೈಯ ಸ್ಥಿರವಿದ್ಯುತ್ತು ತಗುಲಿದರೂ ಟ್ರಾನ್ಸಿಸ್ಟರ್ ಹಾಳಾಗಬಹುದು, ಅದಕ್ಕೆ ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಕೊಂಡೇ ಕೂರಬೇಕು. ಕೆಲವು ಟ್ರಾನ್ಸಿಸ್ಟರುಗಳ ಒಳಗೆ ಬೆರಿಲಿಯಂ ಆಕ್ಸೈಡ್ ಇರುತ್ತೆ, ಒಡೆದು ಪುಡಿಯಾದರೆ ಆ ದೂಳು ಶ್ವಾಸಕೋಶಕ್ಕೆ ವಿಷ. ಹಳೇ ಮಾಡೆಲಿನ ಬಿಡಿಭಾಗ ಸಿಗೋದೂ ಕಷ್ಟ.

ಬೇರೊಂದು ಜಿಲ್ಲೆಯ ಪ್ರಸಾರ ಕೇಂದ್ರದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರನ್ನ ಇದನ್ನೇ ಕೇಳಿದೆ. “ಮಾಡ್ಯೂಲ್ ಹೋಗಿದೆ ಅಂತ ಕೇಳುಗರು ಫೋನ್ ಮಾಡಲ್ಲ ಕಣಪ್ಪ, ಲಾಗ್ ಬುಕ್ಕೇ ಹೇಳ್ಬೇಕು” ಅಂದರು. ಹೊತ್ತುಹೊತ್ತಿಗೆ ಮೀಟರ್ ನೋಡಿ ಬರೆಯೋದು: ಹೊರಗೆ ಹೋಗೋ ಪವರ್ ಎಷ್ಟು, ಆಂಟೆನಾದಿಂದ ವಾಪಸ್ ಬರೋದೆಷ್ಟು, ಯಾವ ಮಾಡ್ಯೂಲ್ ಎಷ್ಟು ಕರೆಂಟ್ ಎಳೀತಿದೆ. “ಸುಟ್ಟ ಟ್ರಾನ್ಸಿಸ್ಟರ್ ಬದಲಾಯಿಸೋದು ದೊಡ್ಡದಲ್ಲ. ಯಾಕೆ ಸುಡ್ತು ಅಂತ ಹುಡುಕ್ಬೇಕು. ಫ್ಯಾನಿಗೆ ದೂಳು ಕೂತಿತ್ತಾ, ಕೇಬಲಿಗೆ ಮಳೆನೀರು ಇಳಿದಿತ್ತಾ, ಬೆಸುಗೆ ಬಿಟ್ಟಿತ್ತಾ? ಅದನ್ನ ಬಿಟ್ರೆ ಹೊಸದೂ ಸುಡುತ್ತೆ. ಆಮೇಲೂ ಸೀದಾ ಆಂಟೆನಾಗೆ ಕೊಡಬಾರದು, ಡಮ್ಮಿ ಲೋಡ್ ಮೇಲೆ ಓಡಿಸಿ ನೋಡ್ಬೇಕು.”

“ಯಾರಿಗೂ ತಿಳಿಯಲ್ಲ ಅಂದ್ಮೇಲೆ ಯಾಕೆ ಸಾರ್ ಇಷ್ಟೆಲ್ಲ?” ಅಂದೆ.

“ಯಾರಿಗೂ ಅಂದ್ರೆ ಯಾರಿಗೆ?” ಅಂದರು.

ನನ್ನ ಪ್ರಶ್ನೆಯ ತಪ್ಪು ಆ ಒಂದು ಮಾತಲ್ಲಿದೆ. ಎಫ್‌ಎಂನ ಗುಣ ಏನು ಗೊತ್ತಾ? ಸಿಗ್ನಲ್ ಒಂದು ಮಟ್ಟಕ್ಕಿಂತ ಮೇಲಿರೋ ತನಕ ಧ್ವನಿ ಶುದ್ಧವಾಗೇ ಇರುತ್ತೆ. ಕೆಳಗಿಳಿದರೆ ಒಮ್ಮೆಲೇ ಕುಸಿದು ಬರೀ ಬುಸ್ ಅನ್ನೋ ಸದ್ದು. ಪವರ್ ತಗ್ಗಿದಾಗ ಮೈಸೂರಿನೊಳಗೆ ಏನೂ ಆಗಲ್ಲ, ಅಂಚು ಮಾತ್ರ ಒಳಕ್ಕೆ ಸರಿಯುತ್ತೆ. ನಾನು ಬೆಳೆದಿದ್ದು ಅಂಥ ಅಂಚಿನ ಊರಲ್ಲಿ. ನಮ್ಮಪ್ಪ ರೇಡಿಯೋದ ಕಡ್ಡಿ ತಿರುಗಿಸಿ, ಒಂದು ಕೈ ಅದರ ಮೇಲೇ ಇಟ್ಕೊಂಡು ಕೃಷಿ ಕಾರ್ಯಕ್ರಮ ಕೇಳೋರು. ಸದ್ದು ಬರದಿದ್ದರೆ ಸೆಟ್ಟೇ ಕೆಟ್ಟಿದೆ ಅಂದ್ಕೊಳ್ಳೋರು. ಅಂಚಿನಲ್ಲಿರೋರು ದೂರು ಕೊಡಲ್ಲ, ತಮ್ಮಲ್ಲೇ ದೋಷ ಹುಡುಕ್ತಾರೆ. ‘ಯಾರಿಗೂ ಗೊತ್ತಾಗಲ್ಲ’ ಅನ್ನೋದರ ಅರ್ಥ ‘ನಮ್ಮ ಹತ್ತಿರ ಇರೋ ಯಾರಿಗೂ ಗೊತ್ತಾಗಲ್ಲ’ ಅಂತಷ್ಟೇ.

ಕೆರೆಯ ಹೂಳೂ ಹೀಗೇ. ಕೆರೆ ತುಂಬಿದಾಗ ನೀರಿನ ಕೆಳಗೆ ಹೂಳೆಷ್ಟಿದೆ ಅಂತ ಏರಿ ಮೇಲೆ ನಿಂತೋರಿಗೆ ಕಾಣಲ್ಲ. ತೂಬಿನ ಪಕ್ಕದ ಗದ್ದೆಗೆ ನೀರು ಬರ್ತಾನೇ ಇರುತ್ತೆ. ನೀರು ಮೊದಲು ತಪ್ಪೋದು ಕಾಲುವೆಯ ಕೊನೇ ಗದ್ದೆಗೆ.

ಎಲ್ಲ ರಿಪೇರಿಯನ್ನೂ ಈಗಲೇ ಮಾಡಿ ಅಂತ ನಾನು ಹೇಳ್ತಿಲ್ಲ. ದುಡ್ಡಿಲ್ಲದಿರಬಹುದು, ಭಾಗ ಸಿಗದಿರಬಹುದು, ಮುಂದೂಡೋದೇ ಸರಿಯಾದ ತೀರ್ಮಾನವೂ ಆಗಿರಬಹುದು. ಆದರೆ ಯಾರಿಗೂ ತೊಂದರೆಯಿಲ್ಲ ಅಂದ್ಕೊಂಡು ಸುಮ್ಮನಿರೋದು ಬೇರೆ, ಇಂಥವರಿಗೆ ಇಷ್ಟು ತೊಂದರೆ ಆಗ್ತಿದೆ ಅಂತ ಬರೆದಿಟ್ಟು ಮುಂದೂಡೋದು ಬೇರೆ. ಎರಡನೆಯದರಲ್ಲಿ ಸಾಲ ಲೆಕ್ಕದಲ್ಲಿ ಉಳಿಯುತ್ತೆ, ಮುಂದೆ ಡ್ಯೂಟಿಗೆ ಬಂದೋರು ಅದನ್ನ ತೀರಿಸಬಹುದು. ಬರೆಯದೇ ಬಿಟ್ಟರೆ ಅಂಥದ್ದೊಂದು ಸಾಲ ಇದೆ ಅಂತ ಅವರಿಗೆ ತಿಳಿಯೋದು ಹೇಗೆ?