ಸ್ಥೈರ್ಯದ ಪರೀಕ್ಷೆ

ಅನ್ನವು ಬೆಂದಿತೋ ಇಲ್ಲವೋ ಎಂದು ತಿಳಿಯಲು ಗೃಹಿಣಿಯು ಪಾತ್ರೆಯ ಅನ್ನವನ್ನೆಲ್ಲ ಹಿಚುಕಿ ನೋಡುವುದಿಲ್ಲ. ಒಂದು ಅಗುಳನ್ನು ಬೆರಳಿನಿಂದೊತ್ತಿ ಉಳಿದುದನ್ನೆಲ್ಲ ನಿಶ್ಚಯಿಸುತ್ತಾಳೆ. ಪ್ರಾಚೀನ ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕನ್ಯಾಯವೆಂದು ಕರೆದರು. ಲೋಕವ್ಯವಹಾರದ ಬಹುಭಾಗವು ಈ ನ್ಯಾಯವನ್ನೇ ನೆಚ್ಚಿ ನಡೆಯುತ್ತಿದೆ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಂತಹ ಊರಿನ ರೈತನು ಬಿತ್ತುವ ಮುನ್ನ ಹಿಡಿ ಬೀಜವನ್ನು ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆಗಳನ್ನೆಣಿಸಿದನೆಂದರೆ, ಚೀಲದ ಬೀಜವೆಲ್ಲಕ್ಕೂ ಅದೇ ಪರೀಕ್ಷೆ. ಅದೇ ಜಿಲ್ಲೆಯ ಹಟ್ಟಿಯ ಗಣಿಯಲ್ಲಿ ಹುಟ್ಟಿದ ಚಿನ್ನವಾದರೂ ಅಕ್ಕಸಾಲಿಗನ ಒರೆಗಲ್ಲಿನ ಮೇಲೆ ಎಳೆಯುವುದು ಒಂದೇ ಗೆರೆಯನ್ನು.

ಆದರೆ ಈ ನ್ಯಾಯಕ್ಕೆ ಒಂದು ಆಧಾರವುಂಟು. ಅಗುಳುಗಳೆಲ್ಲವೂ ಒಂದೇ ನೀರಿನಲ್ಲಿ ಒಂದೇ ಉರಿಯಲ್ಲಿ ಬೆಂದಿರಬೇಕು. ಆ ಸಮಾನತೆಯು ಇಲ್ಲದೆಡೆಯಲ್ಲಿ ಒಂದನ್ನು ನೋಡಿ ಸಾವಿರವನ್ನು ನಂಬಬಹುದೆ? ಇಂದು ಪರೀಕ್ಷೆಯಲ್ಲಿ ನಿಂತುದು ನಾಳೆಯೂ ನಿಲ್ಲುವುದೆಂದು ಇನ್ನೊಬ್ಬನಿಗೆ ಭರವಸೆ ಕೊಡುವ ಅಧಿಕಾರವು ಯಾರಿಗೆ, ಎಷ್ಟರಮಟ್ಟಿಗೆ ಇದೆ? ಈ ಹಳೆಯ ಪ್ರಶ್ನೆಯು ಈಗ ಹೊಸದೊಂದು ವೇಷದಲ್ಲಿ ಕಾಣಿಸಿಕೊಂಡಿದೆ. ಕಂಪ್ಯೂಟರಿನ ಪ್ರೊಸೆಸರನ್ನು ಅದಕ್ಕೆ ವಿಧಿಸಿದ ವೇಗಕ್ಕಿಂತ ಹೆಚ್ಚಾಗಿ ಓಡಿಸಿ, ಅದು ಸ್ಥಿರವಾಗಿದೆಯೇ ಎಂದು ಪರೀಕ್ಷಿಸುವ ಹವ್ಯಾಸಿಗಳ ನಡುವೆ ಇದು ಪ್ರತಿದಿನದ ಚರ್ಚೆಯಾಗಿದೆ.

ಈ ಹವ್ಯಾಸಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಪ್ರೊಸೆಸರಿನೊಳಗೆ ಕೋಟ್ಯಂತರ ಸೂಕ್ಷ್ಮವಾದ ವಿದ್ಯುತ್ ಸ್ವಿಚ್ಚುಗಳು ಇರುವುವು. ಅವೆಲ್ಲವೂ ಒಂದು ಗಡಿಯಾರದ ಮಿಡಿತಕ್ಕೆ ಸರಿಯಾಗಿ ಹೆಜ್ಜೆಯಿಡಬೇಕು. ಸೆಕೆಂಡಿಗೆ ನೂರು ಕೋಟಿ ಮಿಡಿತಗಳಾದರೆ ಅದು ಒಂದು ಗಿಗಾಹರ್ಟ್ಸ್ ವೇಗ. ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವೆ ಇರುವ ಅಲ್ಪಾವಕಾಶದಲ್ಲಿ ಸಂಕೇತವು ಸ್ವಿಚ್ಚಿನಿಂದ ಸ್ವಿಚ್ಚಿಗೆ ಹಾಯ್ದು ನೆಲೆಗೊಳ್ಳತಕ್ಕದ್ದು. ಮಿಡಿತವನ್ನು ತ್ವರೆಗೊಳಿಸಿದರೆ ಈ ಅವಕಾಶವು ಕುಗ್ಗುತ್ತದೆ. ಸಂಕೇತವು ತಲುಪುವ ಮೊದಲೇ ಉತ್ತರವನ್ನು ಓದಿದಂತಾಗಿ ಲೆಕ್ಕವು ತಪ್ಪುತ್ತದೆ. ಅದನ್ನು ತಡೆಯಲು ಹವ್ಯಾಸಿಯು ವೋಲ್ಟೇಜನ್ನು ಏರಿಸುತ್ತಾನೆ. ಆಗ ಸ್ವಿಚ್ಚುಗಳು ಚುರುಕಾಗುವುವು, ಆದರೆ ಕಾವೂ ಏರುವುದು. ವ್ಯಯವಾಗುವ ವಿದ್ಯುತ್ತು ಸುಮಾರಾಗಿ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುವುದರಿಂದ, ಎರಡನ್ನೂ ನೂರಕ್ಕೆ 10ರಷ್ಟು ಹೆಚ್ಚಿಸಿದರೆ ವ್ಯಯವು ನೂರಕ್ಕೆ 33ರಷ್ಟು ಹೆಚ್ಚುತ್ತದೆ.

ಹಾಗಾದರೆ ತಯಾರಕನು ವಿಧಿಸಿದ ವೇಗವನ್ನು ಮೀರುವುದು ಸಾಧ್ಯವಾಗುವುದಾದರೂ ಹೇಗೆ? ತಯಾರಕನು ತನ್ನ ಮಾಲನ್ನು ಅತ್ಯಂತ ದುರ್ಬಲವಾದ ಬಿಲ್ಲೆಗೂ, ಅತ್ಯಂತ ಬಿಸಿಯಾದ ಊರಿಗೂ, ಹಲವು ವರ್ಷಗಳ ಸವೆತಕ್ಕೂ ಒದಗುವಂತೆ ವೇಗವನ್ನು ಗೊತ್ತುಪಡಿಸಿ, ನಡುವೆ ಸ್ವಲ್ಪ ಮೀಸಲನ್ನು ಬಿಟ್ಟಿರುತ್ತಾನೆ. ಹವ್ಯಾಸಿಯ ಕೈ ಹೋಗುವುದು ಆ ಮೀಸಲಿಗೆ. 1998ರಲ್ಲಿ ಇಂಟೆಲ್ ಕಂಪನಿಯು ಮಾರಿದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅದರ ಹೊರಗಣ ಮಿಡಿತವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದರೆ 300ರ ಪ್ರೊಸೆಸರು 450ರ ವೇಗದಲ್ಲಿ ಓಡುತ್ತಿತ್ತು. ಅಲ್ಪಧನದಲ್ಲಿ ಅಧಿಕಫಲವನ್ನು ಪಡೆದ ತರುಣರ ಸಂತೋಷವನ್ನು ಆಕ್ಷೇಪಿಸುವವರು ಯಾರು?

ವೇಗವನ್ನು ಏರಿಸಿದ ಬಳಿಕ ಪರೀಕ್ಷೆಯು ಬರುವುದು. ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಪ್ರೈಮ್‌95 ಎಂಬ ಸಾಧನವು ಹುಟ್ಟಿದುದು ಬೇರೊಂದು ಉದ್ದೇಶಕ್ಕಾಗಿ. ಅಮೆರಿಕದ ಜಾರ್ಜ್ ವೋಲ್ಟ್‌ಮನ್ನರು 1996ರಲ್ಲಿ, ಮರ್ಸೆನ್ ಜಾತಿಯ ಬೃಹತ್ತಾದ ಅವಿಭಾಜ್ಯ ಸಂಖ್ಯೆಗಳನ್ನು ಲೋಕದ ಸಾವಿರಾರು ಮನೆಗಳ ಕಂಪ್ಯೂಟರುಗಳಿಂದ ಹುಡುಕಿಸುವ ಒಂದು ಸಾಮೂಹಿಕ ಕಾರ್ಯವನ್ನಾರಂಭಿಸಿದರು. ಒಂದು ಸಂಖ್ಯೆಯ ಪರಿಶೀಲನೆಗೆ ದಿನಗಳು, ವಾರಗಳು ಹಿಡಿಯುತ್ತಿದ್ದವು. ನಡುವೆ ಎಲ್ಲಿಯಾದರೂ ಒಂದಂಕಿ ತಪ್ಪಿದರೆ ಶ್ರಮವೆಲ್ಲ ವ್ಯರ್ಥ. ಆದುದರಿಂದ ಉತ್ತರವು ಮೊದಲೇ ಗೊತ್ತಿರುವ ಕಠಿನ ಲೆಕ್ಕಗಳನ್ನು ಯಂತ್ರಕ್ಕೆ ಕೊಟ್ಟು, ಬಂದ ಉತ್ತರವನ್ನು ಹೋಲಿಸಿ ನೋಡುವ ಏರ್ಪಾಡು ಅದರಲ್ಲಿ ಸೇರಿತು. ಹವ್ಯಾಸಿಗಳು ಇದನ್ನೇ ಹಿಡಿದುಕೊಂಡರು. ಒಂದು ಗಂಟೆ, ಒಂದು ರಾತ್ರಿ, ಒಂದು ಹಗಲಿರುಳು ಯಂತ್ರವು ತಪ್ಪದೆ ಎಣಿಸಿತೆಂದರೆ ಅದಕ್ಕೆ ಸ್ಥಿರವೆಂಬ ಬಿರುದು ಸಿಕ್ಕಿತು.

ಎಷ್ಟು ಹೊತ್ತು ಎಣಿಸಿದರೆ ಸಾಕು? ಇಲ್ಲಿ ಎರಡು ಪಕ್ಷಗಳಾಗಿವೆ. ಒಂದು ಪಕ್ಷದವರು, ಪೂರ್ಣ 24 ಗಂಟೆ ಈ ಪರೀಕ್ಷೆಯನ್ನು ತಾಳದ ಯಂತ್ರವನ್ನು ಸ್ಥಿರವೆನ್ನಕೂಡದೆನ್ನುತ್ತಾರೆ. ಇನ್ನೊಂದು ಪಕ್ಷದವರು, ಅಂತಹ ಉಗ್ರವಾದ ಲೆಕ್ಕವನ್ನು ನಿತ್ಯಜೀವನದಲ್ಲಿ ಯಾರೂ ಮಾಡುವುದಿಲ್ಲ, ನಿತ್ಯದ ಕೆಲಸವು ತಡೆಯಿಲ್ಲದೆ ಸಾಗಿದರೆ ಅದೇ ಸ್ಥೈರ್ಯ, ದೋಷ ಕಂಡಾಗ ನೋಡಿಕೊಳ್ಳೋಣ ಎನ್ನುತ್ತಾರೆ.

ವಿಜಯದಾಸರ ಚೀಕಲಪರ್ವಿಯೂ ಜಗನ್ನಾಥದಾಸರ ಮಾನ್ವಿಯೂ ಇರುವ ಸೀಮೆಯ ವಾಚಕರಿಗೆ ಈ ವಾದವು ತೀರ ಅಪರಿಚಿತವೆಂದು ತೋರಲಾರದು. ಜ್ಞಾನದ ಪ್ರಾಮಾಣ್ಯವು ಎಲ್ಲಿಂದ ಬರುತ್ತದೆಂಬುದನ್ನು ಕುರಿತು ಮೀಮಾಂಸಕರೂ ನೈಯಾಯಿಕರೂ ಬಹುಕಾಲ ವಾದಿಸಿದರು. ಜ್ಞಾನವು ತನ್ನಿಂದ ತಾನೇ ಪ್ರಮಾಣ, ಬಾಧಕವು ತೋರುವವರೆಗೆ ಅದನ್ನು ನಂಬತಕ್ಕದ್ದು ಎಂದರು ಮೀಮಾಂಸಕರು. ಇಲ್ಲ, ಫಲವನ್ನು ಕಂಡು, ಬೇರೊಂದು ಆಧಾರದಿಂದ ಪ್ರಾಮಾಣ್ಯವನ್ನು ನಿಶ್ಚಯಿಸಬೇಕು ಎಂದರು ನೈಯಾಯಿಕರು. ಹಗಲಿರುಳಿನ ಪರೀಕ್ಷೆಯನ್ನು ಕೇಳುವವನು ಒಂದು ಬಗೆಯಲ್ಲಿ ನೈಯಾಯಿಕನು. ಕೆಟ್ಟಾಗ ನೋಡೋಣವೆನ್ನುವವನು ಮೀಮಾಂಸಕನು.

ನೈಯಾಯಿಕನಿಗೆ ಎದುರಾದ ಆಕ್ಷೇಪವು ಇಲ್ಲಿಯೂ ಎದುರಾಗುತ್ತದೆ. ಒಂದು ಜ್ಞಾನವನ್ನು ಇನ್ನೊಂದು ಸ್ಥಾಪಿಸಬೇಕಾದರೆ ಆ ಇನ್ನೊಂದನ್ನು ಸ್ಥಾಪಿಸುವುದು ಯಾವುದು? ಪ್ರೈಮ್‌95 ಓಡುವುದು ಸಂಶಯಕ್ಕೊಳಗಾದ ಅದೇ ಪ್ರೊಸೆಸರಿನ ಮೇಲೆ. ಲೆಕ್ಕವನ್ನು ಮಾಡುವುದೂ ಅದು, ಲೆಕ್ಕವು ಸರಿಯೆಂದು ತೀರ್ಪು ಕೊಡುವುದೂ ಅದು. ಅಲ್ಲದೆ, 5 ಗಿಗಾಹರ್ಟ್ಸ್ ವೇಗದ ಯಂತ್ರವು ಒಂದು ಹಗಲಿರುಳಿನಲ್ಲಿ 4 ಕೋಟಿ ಕೋಟಿಗೂ ಹೆಚ್ಚು ಬಾರಿ ಮಿಡಿಯುತ್ತದೆಂಬುದು ನಿಜವಾದರೂ, ಆ ಮಿಡಿತಗಳೆಲ್ಲ ಒಂದೇ ಜಾತಿಯ ಕೆಲಸದಲ್ಲಿ ಕಳೆದಿರುತ್ತವೆ. ಪೂರ್ಣಭಾರದಲ್ಲಿ ರಾತ್ರಿಯೆಲ್ಲ ನಿಂತ ಯಂತ್ರವು ಬೆಳಗ್ಗೆ ಸುಮ್ಮನೆ ಕುಳಿತಿರುವಾಗ ಮುಗ್ಗರಿಸುವುದುಂಟು. ಏತಕ್ಕೆಂದರೆ, ಭಾರವು ಕಡಮೆಯಾದಾಗ ಇಂದಿನ ಪ್ರೊಸೆಸರು ತನ್ನ ಒಂದೆರಡು ಭಾಗಗಳನ್ನು ಮಾತ್ರ ಇನ್ನೂ ಹೆಚ್ಚಿನ ವೇಗಕ್ಕೆ ಏರಿಸುತ್ತದೆ. ಆ ವೇಗವನ್ನು ರಾತ್ರಿಯ ಪರೀಕ್ಷೆಯು ಮುಟ್ಟಿಯೇ ಇರುವುದಿಲ್ಲ.

ಋತುವಿನ ಮಾತೂ ಉಂಟು. ರಾಯಚೂರು ಸೀಮೆಯಲ್ಲಿ ಪುಷ್ಯಮಾಸದ ರಾತ್ರಿ ಪರೀಕ್ಷಿಸಿದ ಯಂತ್ರವು ವೈಶಾಖದ ಮಧ್ಯಾಹ್ನಕ್ಕೆ ಬೇರೆಯದೇ ಲೋಕದಲ್ಲಿರುತ್ತದೆ. ಕೋಣೆಯ ಗಾಳಿಯು 20 ಡಿಗ್ರಿ ಹೆಚ್ಚು ಬಿಸಿಯಾದರೆ ಪ್ರೊಸೆಸರಿನ ಕಾವೂ ಹೆಚ್ಚುಕಡಮೆ ಅಷ್ಟೇ ಏರುತ್ತದೆ. ಒರೆ ಹಚ್ಚಿದ ಚಿನ್ನವು ಪೆಟ್ಟಿಗೆಯಲ್ಲಿ ನೂರು ವರ್ಷವಿದ್ದರೂ ಅದೇ ಚಿನ್ನ. ಹೆಚ್ಚಿನ ವೋಲ್ಟೇಜಿನಲ್ಲಿ ಓಡುವ ಪ್ರೊಸೆಸರಾದರೋ ದಿನೇ ದಿನೇ ಸವೆಯುತ್ತದೆ. ಇಂದಿನ ಪರೀಕ್ಷೆಯು ಇಂದಿನ ಯಂತ್ರಕ್ಕೆ ಮಾತ್ರ ಸಾಕ್ಷಿ.

ಹಾಗೆಂದು ಮೀಮಾಂಸಕನ ಪಕ್ಷವು ಗೆದ್ದಿತೆ? ಅದೂ ಇಲ್ಲ. ಸ್ವತಃಪ್ರಾಮಾಣ್ಯವನ್ನು ಹೇಳಿದವರೇ, ಕರಣದಲ್ಲಿ ದೋಷವು ತಿಳಿದಲ್ಲಿ ಆ ನಂಬಿಕೆಯು ನಿಲ್ಲದೆಂದೂ ಒಪ್ಪಿದ್ದಾರೆ. ಕಾಮಾಲೆಯ ಕಣ್ಣಿಗೆ ಹಳದಿಯಾಗಿ ಕಂಡ ಶಂಖವನ್ನು ಹಳದಿಯೆಂದು ಯಾರೂ ಸಾಧಿಸುವುದಿಲ್ಲ. ವಿಧಿಸಿದ ವೇಗದಲ್ಲಿರುವ ಯಂತ್ರವನ್ನು ಬಾಧಕವು ತೋರುವವರೆಗೆ ನಂಬುವುದು ನ್ಯಾಯವೇ ಸರಿ. ಆದರೆ ಮೀಸಲನ್ನು ತನ್ನ ಕೈಯಿಂದಲೇ ತೆಗೆದುಹಾಕಿದವನು ಸಂಶಯದ ಕಾರಣವನ್ನು ತಾನಾಗಿ ಒಳಗೆ ತಂದುಕೊಂಡಿದ್ದಾನೆ. ಇನ್ನು ಸಹಜವಾದ ನಂಬಿಕೆಯನ್ನು ಕೇಳುವ ಹಕ್ಕು ಅವನಿಗಿಲ್ಲ. ಸಾಧಿಸುವ ಭಾರವು ಅವನದಾಯಿತು. ಮತ್ತು ಆ ಭಾರವನ್ನು ಯಾವ ಒಂದು ಪರೀಕ್ಷೆಯೂ ಪೂರ್ಣವಾಗಿ ಇಳಿಸಲಾರದು. ಪ್ರಶ್ನೆಯು ತರ್ಕದಿಂದ ಧರ್ಮಕ್ಕೆ ದಾಟುವುದು ಈ ಸ್ಥಾನದಲ್ಲಿ.

ಯಂತ್ರವು ನಡುವೆ ನಿಂತುಹೋದರೆ ಹಾನಿಯು ಅಲ್ಪ. ನಿಂತ ಯಂತ್ರವು ತನ್ನ ಅಶಕ್ತಿಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡಂತೆ. ಭಯಪಡಬೇಕಾದುದು ನಿಲ್ಲದೆ, ತಡವರಿಸದೆ, ತಪ್ಪನ್ನು ನುಡಿಯುವ ಯಂತ್ರಕ್ಕೆ. 2021ರಲ್ಲಿ ಫೇಸ್‌ಬುಕ್ ಸಂಸ್ಥೆಯ ಎಂಜಿನಿಯರುಗಳು ತಮ್ಮ ಕಂಪ್ಯೂಟರುಗಳಲ್ಲಿ ಕಂಡ ಇಂತಹ ಮೌನದೋಷಗಳನ್ನು ಪ್ರಕಟಿಸಿದರು. ಒಂದು ಪ್ರೊಸೆಸರಿನ ಒಂದು ಭಾಗವು 1.1ರ 52ನೆಯ ಘಾತದ ಪೂರ್ಣಾಂಕವನ್ನು ಕೇಳಿದರೆ 142 ಎಂದು ಸರಿಯಾಗಿಯೇ ಹೇಳುತ್ತಿತ್ತು; 53ನೆಯ ಘಾತಕ್ಕೆ 156 ಎನ್ನುವ ಬದಲು ಸೊನ್ನೆಯನ್ನು ಹೇಳುತ್ತಿತ್ತು. ಕಡತದ ಗಾತ್ರವು ಸೊನ್ನೆಯೆಂದು ತಿಳಿದ ವ್ಯವಸ್ಥೆಯು ಆ ಕಡತವನ್ನು ಇಲ್ಲವೆಂದೇ ಬಿಟ್ಟುಬಿಟ್ಟಿತು. ಅದೇ ವರ್ಷ ಗೂಗಲ್ ಸಂಸ್ಥೆಯವರೂ ಇಂತಹುದನ್ನೇ ವರದಿಮಾಡಿದರು. ಅವು ಓವರ್‌ಕ್ಲಾಕ್ ಮಾಡಿದ ಯಂತ್ರಗಳಲ್ಲವೆಂಬುದನ್ನು ನೆನೆದರೆ, ಮೀಸಲನ್ನು ಕಳೆದುಕೊಂಡ ಯಂತ್ರದ ಮಾತನ್ನು ಎಷ್ಟು ಎಚ್ಚರದಿಂದ ಕೇಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ತಯಾರಕರೇ ತಪ್ಪುವಾಗ ಹವ್ಯಾಸಿಯ ಮೇಲೆ ಮಾತ್ರ ಏಕೆ ದೋಷವೆಂದು ಯಾರಾದರೂ ಕೇಳಬಹುದು. ತಯಾರಕರು ತಪ್ಪಿದುದುಂಟು. 1994ರಲ್ಲಿ ಪೆಂಟಿಯಂ ಪ್ರೊಸೆಸರು ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುವುದನ್ನು ಥಾಮಸ್ ನೈಸ್ಲಿ ಎಂಬ ಗಣಿತದ ಅಧ್ಯಾಪಕರು ತೋರಿಸಿಕೊಟ್ಟರು. ಆ ಪ್ರೊಸೆಸರುಗಳನ್ನು ಬದಲಿಸಿಕೊಡುವುದಕ್ಕಾಗಿ ಇಂಟೆಲ್ ಕಂಪನಿಯು 47.5 ಕೋಟಿ ಡಾಲರುಗಳನ್ನು ಲೆಕ್ಕದಲ್ಲಿ ತೆಗೆದಿರಿಸಬೇಕಾಯಿತು. ಅದೇ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾಗುವುದು 2024ರಲ್ಲಿ ಬಯಲಾಗಿ, ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಲಾಯಿತು. ಆದರೆ ಇದರಿಂದ ತಿಳಿಯುವುದೇನು? ಭರವಸೆಯಿತ್ತವನು ಭರವಸೆ ಕೆಟ್ಟಾಗ ಉತ್ತರ ಹೇಳಬೇಕಾಯಿತು. ಹವ್ಯಾಸಿಯು ಆ ಭರವಸೆಯನ್ನು ತಾನೇ ತಳ್ಳಿ ತನ್ನದನ್ನು ಅದರ ಸ್ಥಾನದಲ್ಲಿಟ್ಟಿದ್ದಾನೆ. ಉತ್ತರ ಹೇಳುವ ಹೊಣೆಯೂ ಅದರೊಡನೆಯೇ ಅವನ ಕೈಗೆ ಬಂದಿದೆ.

ಮೀಸಲೆಂಬುದು ವ್ಯರ್ಥವಾಗಿ ಬಿದ್ದಿರುವ ಧನವೆಂದು ತರುಣರಿಗೆ ತೋರುವುದು ಸಹಜ. ಮಾನ್ವಿ ಸೀಮೆಯವರಿಗೆ ಇದರ ಬೆಲೆಯನ್ನು ದೂರದಿಂದ ಕಲಿಯಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ನೀರಿಗಾಗಿ ಕಾದಿರುವ ಹೊಲಗಳು ಇಲ್ಲಿಯವು. 1953ರಲ್ಲಿ ಮುಗಿದ ಆ ಅಣೆಕಟ್ಟಿನ 33 ಗೇಟುಗಳು ಎಪ್ಪತ್ತು ಮಳೆಗಾಲಗಳ ಭಾರವನ್ನು ತಾಳಿದ್ದವು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿಯು ಹರಿದು ಗೇಟೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷದ ಪರೀಕ್ಷೆಯು ಎಪ್ಪತ್ತೊಂದನೆಯದಕ್ಕೆ ಸಾಕ್ಷಿಯಾಗಲಿಲ್ಲ. ಇಷ್ಟು ದಿನ ನಿಂತಿತೆಂಬುದು ನಂಬಿಕೆಗೆ ಒಂದು ಕಾರಣವಾಗಬಹುದು; ಎಚ್ಚರವನ್ನು ಬಿಡುವುದಕ್ಕೆ ಕಾರಣವಾಗಲಾರದು.

ಹಾಗಾದರೆ ಈ ಹವ್ಯಾಸವೇ ದೂಷ್ಯವೆ? ಎಂದಿಗೂ ಅಲ್ಲ. ತನ್ನ ವಸ್ತುವಿನ ಎಲ್ಲೆಯನ್ನು ತಾನೇ ಅರಿಯಬೇಕೆಂಬ ಕುತೂಹಲವು ವಿದ್ಯೆಯ ಬೇರು. ದ್ರವರೂಪದ ಹೀಲಿಯಮಿನಿಂದ ಪ್ರೊಸೆಸರನ್ನು ತಣಿಸಿ 9 ಗಿಗಾಹರ್ಟ್ಸಿನ ಗೆರೆಯನ್ನು ದಾಟಿದವರು ಯಾರನ್ನೂ ವಂಚಿಸಲಿಲ್ಲ. ಒಂದು ಕ್ಷಣದ ದಾಖಲೆಯನ್ನು ಒಂದು ಕ್ಷಣದ್ದೆಂದೇ ಹೇಳಿದರು. ದೋಷವು ಹುಟ್ಟುವುದು ಸ್ಥಿರವೆಂಬ ಮಾತನ್ನು ಇನ್ನೊಬ್ಬನ ಕಿವಿಯಲ್ಲಿ ಹಾಕುವಾಗ. ಆಟಕ್ಕಾಗಿ ಓಡಿಸಿದ ಯಂತ್ರದಲ್ಲಿಯೇ ನೆರೆಯವನ ಸಾಲದ ಲೆಕ್ಕವನ್ನೋ ಸಂಘದ ಜಮಾಖರ್ಚನ್ನೋ ಇಡುವಾಗ, ಅಥವಾ ವರ್ಷಗಟ್ಟಲೆ ಕಾಯಿಸಿದ ಪ್ರೊಸೆಸರನ್ನು ಆ ಸಂಗತಿಯನ್ನು ಮುಚ್ಚಿ ಇನ್ನೊಬ್ಬನಿಗೆ ಮಾರುವಾಗ, ಅಪಾಯವನ್ನು ಆರಿಸಿಕೊಂಡವನು ಒಬ್ಬನು, ಅನುಭವಿಸುವವನು ಮತ್ತೊಬ್ಬನು.

ಈ ಕಾರಣದಿಂದ ಪರೀಕ್ಷಕನಿಗೆ ಮೂರು ನಿಯಮಗಳು ಸಲ್ಲುತ್ತವೆ. ಮೊದಲನೆಯದಾಗಿ, ದೋಷವು ಕಾಣಲೆಂಬ ಇಚ್ಛೆಯಿಂದಲೇ ಪರೀಕ್ಷಿಸಬೇಕು. ಬಿರುದಿಗಾಗಿ ಪರೀಕ್ಷಿಸುವವನು ತನಗೆ ಅನುಕೂಲವಾದ ಲೆಕ್ಕವನ್ನೂ ತಣ್ಣನೆಯ ರಾತ್ರಿಯನ್ನೂ ಅರಿವಿಲ್ಲದೆಯೇ ಆರಿಸಿಕೊಳ್ಳುತ್ತಾನೆ. ಎರಡನೆಯದಾಗಿ, ಗೆದ್ದ ಮೇಲೆ ಒಂದು ಮೆಟ್ಟಿಲು ಹಿಂದೆ ಸರಿಯಬೇಕು. ಪರೀಕ್ಷೆಯು ತೋರಿದ ಎಲ್ಲೆಯ ಮೇಲೆಯೇ ಮನೆ ಕಟ್ಟಬಾರದು. ಮೂರನೆಯದಾಗಿ, ಯಾವ ಕಾವಿನಲ್ಲಿ, ಯಾವ ಕೆಲಸದಲ್ಲಿ, ಎಷ್ಟು ಹೊತ್ತು ನಿಂತಿತೆಂಬುದನ್ನು ಮರೆಮಾಚದೆ ಹೇಳಬೇಕು. ಸಂಖ್ಯೆಗಳನ್ನು ಹುಡುಕುವ ಆ ಸಾಮೂಹಿಕ ಕಾರ್ಯದಲ್ಲಿ ಒಂದು ಯಂತ್ರದ ಉತ್ತರವನ್ನು ಅದೊಂದೇ ಹೇಳಿತೆಂದು ಸ್ವೀಕರಿಸುವ ಪದ್ಧತಿಯಿಲ್ಲ. 2024ರ ಅಕ್ಟೋಬರಿನಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳುಳ್ಳ ಅವಿಭಾಜ್ಯ ಸಂಖ್ಯೆಯು ದೊರೆತಾಗ, ಬೇರೆ ಬೇರೆ ಯಂತ್ರಗಳಿಂದ ಅದನ್ನು ಮತ್ತೆ ಮತ್ತೆ ಎಣಿಸಿದ ಬಳಿಕವೇ ಲೋಕಕ್ಕೆ ಸಾರಿದರು. ಅದನ್ನು ಮೊದಲು ಕಂಡವರಿಗೆ ಇದರಿಂದ ಅಪಮಾನವಾಯಿತೆಂದು ಯಾರೂ ಎಣಿಸಲಿಲ್ಲ. ಅವರ ಮಾತಿಗೆ ತೂಕವು ಬಂದುದೇ ಇದರಿಂದ.

ಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೆ ಇರುವ ಅರ್ಥವು ಒಂದೇ: ಹುಡುಕಿದೆಡೆಯಲ್ಲಿ ದೋಷವು ಸಿಕ್ಕಲಿಲ್ಲ. ದೋಷವಿಲ್ಲವೆಂಬುದು ಇದಕ್ಕಿಂತ ಬಹಳ ದೊಡ್ಡ ಮಾತು. ಈ ಎರಡರ ನಡುವಣ ಅಂತರವನ್ನು ಯಂತ್ರವು ಅರಿಯದು. ಮನುಷ್ಯನು ಅರಿತು, ಅರಿತುದನ್ನು ನುಡಿಯಬೇಕು. ಯಂತ್ರಕ್ಕೆ ವೇಗವು ಎಷ್ಟಿದ್ದರೂ ನಂಬಿಕೆಗೆ ಅರ್ಹನಾಗಬೇಕಾದವನು ಅದರ ಒಡೆಯನೇ.