ಹಳೆಯ ಪುಸ್ತಕಕ್ಕೆ ಹೊಸ ಮುಖ: ಆರೈಕೆಯೇ, ಮೋಸವೇ?

ಅರಕಲಗೂಡು ತಾಲೂಕಿನ ರೈತರಿಗೆ 'ಗ್ರೇಡ್' ಎಂಬ ಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಯಾರನ್‌ನಲ್ಲಿ ಹದ ಮಾಡಿದ ಹೊಗೆಸೊಪ್ಪನ್ನು ಮನೆಮಂದಿಯೆಲ್ಲ ಕುಳಿತು, ಬಣ್ಣ ನೋಡಿ, ಅಗಲ ನೋಡಿ, ಎಲೆ ಗಿಡದ ಯಾವ ಭಾಗದ್ದೆಂದು ನೋಡಿ ಬೇರೆ ಬೇರೆ ಮಾಡುತ್ತಾರೆ. ಬೇಲು ಕಟ್ಟಿ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಒಯ್ಯುತ್ತಾರೆ. ಒಂದೇ ಹೊಲದ ಎರಡು ಬೇಲುಗಳಿಗೆ ಅಲ್ಲಿ ಎರಡು ದರ ಬರುತ್ತದೆ. ಹೊಗೆಸೊಪ್ಪು ಬೆಳೆಯುವುದೇ ಸರಿಯೇ ಎಂಬುದು ಬೇರೆ ಚರ್ಚೆ, ಅದನ್ನು ಇನ್ನೊಮ್ಮೆ ಮಾಡೋಣ. ಬೇಲಿನ ಹೊರಸುತ್ತಿಗೆ ಚಿನ್ನದ ಬಣ್ಣದ ಎಲೆ ಇಟ್ಟು ಒಳಗೆ ಕಂದಿದ ಎಲೆ ತುಂಬಿದರೆ, ಅದು ಮೋಸವೆಂದು ಹೇಳಲು ಮಾತ್ರ ಯಾವ ಪಂಡಿತರೂ ಬೇಕಿಲ್ಲ.

ಆದರೆ ಒಳಗೂ ಹೊರಗೂ ಒಂದೇ ಎಲೆಯಿದ್ದು, ಅದರ ಸುಕ್ಕನ್ನು ಮಾತ್ರ ಬಿಡಿಸಿದ್ದರೆ? ಏನನ್ನೂ ಸೇರಿಸಿಲ್ಲ, ಏನನ್ನೂ ತೆಗೆದಿಲ್ಲ, ಚೆಂದ ಕಾಣುವಂತೆ ಮಾಡಿದ್ದಾರೆ ಅಷ್ಟೆ. ಇದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆ ಇಂದು ತೀರಾ ಅನಿರೀಕ್ಷಿತ ಜಾಗವೊಂದರಲ್ಲಿ ಚರ್ಚೆಯಾಗುತ್ತಿದೆ. ಅದು ಮಕ್ಕಳ ಕಾಮಿಕ್ಸ್ ಪುಸ್ತಕಗಳ ಮಾರುಕಟ್ಟೆ.

ಅಮೆರಿಕದಲ್ಲಿ 2000ದಲ್ಲಿ ಆರಂಭವಾದ ಸಿಜಿಸಿ ಎಂಬ ಸಂಸ್ಥೆ ಹಳೆಯ ಕಾಮಿಕ್ಸ್‌ಗಳನ್ನು ಪರೀಕ್ಷಿಸಿ 0.5ರಿಂದ 10ರವರೆಗೆ ಅಂಕ ಕೊಡುತ್ತದೆ. ಆಮೇಲೆ ಪುಸ್ತಕವನ್ನು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಭದ್ರವಾಗಿ ಮುಚ್ಚುತ್ತದೆ. ಬಳಿಕ ಅದನ್ನು ಯಾರೂ ಓದುವುದಿಲ್ಲ, ಓದಲು ಆಗುವುದೂ ಇಲ್ಲ. 1938ರಲ್ಲಿ 10 ಸೆಂಟ್‌ಗೆ ಮಾರಾಟವಾಗಿದ್ದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 'ಆ್ಯಕ್ಷನ್ ಕಾಮಿಕ್ಸ್' ಒಂದನೇ ಸಂಚಿಕೆಯ 8.5 ಅಂಕದ ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಇಂಥ ಮಾರುಕಟ್ಟೆಯಲ್ಲಿ ಅರ್ಧ ಅಂಕ ಎಂದರೆ ಸಣ್ಣ ಮಾತಲ್ಲ.

ಇದು ದೂರದ ಶ್ರೀಮಂತರ ಹುಚ್ಚು ಎಂದು ನಾವು ಸುಮ್ಮನಿರುವಂತಿಲ್ಲ. ಅಮರ ಚಿತ್ರಕಥೆ ಮೊದಲು ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಅದನ್ನು ಕನ್ನಡದಲ್ಲಿ ಆರಂಭಿಸಿದರು. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕತೆಗಳ ಕನ್ನಡ ರೂಪಗಳು. ಮುಂದೆ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷಿನಲ್ಲಿ ಬಂದ 'ಕೃಷ್ಣ'ಕ್ಕೆ 11ನೇ ಸಂಖ್ಯೆ ಬಿದ್ದದ್ದು ಅದರಿಂದಲೇ. ಟೈಮ್ಸ್ ಬಳಗ 1964ರಿಂದ 1990ರವರೆಗೆ ತಂದ ಇಂದ್ರಜಾಲ ಕಾಮಿಕ್ಸ್ ಕೂಡ ಕನ್ನಡದಲ್ಲಿ ಬರುತ್ತಿತ್ತು. ಫ್ಯಾಂಟಮ್, ಮಾಂಡ್ರೇಕ್, ಆಬಿದ್ ಸುರ್ತಿಯವರು ಸೃಷ್ಟಿಸಿದ ಬಹಾದೂರ್ ಹೀಗೆ ಎಷ್ಟೋ ಪಾತ್ರಗಳು ನಮ್ಮ ಸಣ್ಣ ಊರುಗಳ ಮಕ್ಕಳಿಗೆ ಮನೆಮಂದಿಯಂತಿದ್ದವು. ಈ ಪುಸ್ತಕಗಳನ್ನು ಹುಡುಕುವವರು, ಕೊಳ್ಳುವವರು, ಮಾರುವವರು ಇಂದು ನಮ್ಮಲ್ಲೂ ಇದ್ದಾರೆ.

ನಮ್ಮಲ್ಲಿ ಆ ಪುಸ್ತಕಗಳು ಉಳಿದುಕೊಂಡ ಬಗೆಯೇ ಬೇರೆ. ಕೈಯಿಂದ ಕೈಗೆ ಹೋಗಿ ಮೂಲೆ ಮಡಚಿದವು, ಪಿನ್ನು ತುಕ್ಕು ಹಿಡಿದವು. ಎಚ್ಚರವುಳ್ಳ ಹಿರಿಯರು ಹತ್ತು ಹದಿನೈದನ್ನು ಸೇರಿಸಿ ಹೊಲಿಸಿ, ಕ್ಯಾಲಿಕೊ ಬಟ್ಟೆಯ ಬೆನ್ನು ಹಾಕಿಸಿ ಬೈಂಡ್ ಮಾಡಿಸಿದರು. ಬೈಂಡರ್ ಅಂಚುಗಳನ್ನು ಒಂದೇ ಸಮಕ್ಕೆ ಕತ್ತರಿಸಿದ. ಆ ಬೈಂಡಿಂಗ್ ಇಲ್ಲದಿದ್ದರೆ ಎಷ್ಟೋ ಪುಸ್ತಕಗಳು ರದ್ದಿಗೆ ಹೋಗುತ್ತಿದ್ದವು. ಆದರೆ ಅಂಕ ಕೊಡುವವರ ಕಣ್ಣಿನಲ್ಲಿ ಅಂಚು ಕತ್ತರಿಸಿದ್ದು ದೊಡ್ಡ ಅಪರಾಧ. ಪುಸ್ತಕವನ್ನು ಉಳಿಸಿದ ಕೆಲಸವೇ ಅದರ ಬೆಲೆ ಇಳಿಸುತ್ತದೆ. ನನಗಂತೂ ಇದು ವಿಚಿತ್ರವಾಗಿ ಕಾಣುತ್ತದೆ.

ಈಗ ರಿಪೇರಿಯ ವಿಷಯಕ್ಕೆ ಬರೋಣ. ಬಣ್ಣ ಹೋದ ಕಡೆ ಬಣ್ಣ ತುಂಬುವುದು, ಹರಿದು ಹೋದ ಭಾಗಕ್ಕೆ ಬೇರೆ ಕಾಗದ ಕೂಡಿಸುವುದು, ಇವು 'ರೆಸ್ಟೊರೇಶನ್'. ಇವನ್ನು ಪತ್ತೆಹಚ್ಚಿದರೆ ಸಿಜಿಸಿ ನೀಲಿ ಚೀಟಿಯ ಬದಲು ನೇರಳೆ ಬಣ್ಣದ ಚೀಟಿ ಅಂಟಿಸುತ್ತದೆ. ಬೆಲೆ ಕುಸಿಯುತ್ತದೆ. ಅದರಲ್ಲಿ ಗೊಂದಲವಿಲ್ಲ. ಗೊಂದಲ ಇರುವುದು 'ಪ್ರೆಸ್ಸಿಂಗ್' ವಿಷಯದಲ್ಲಿ. ಪುಸ್ತಕಕ್ಕೆ ಹದವಾಗಿ ತೇವ ಕೊಟ್ಟು, ಕಾಗದದ ನಾರು ಸಡಿಲವಾದಾಗ ಬಿಸಿ ಮತ್ತು ಭಾರದ ನಡುವೆ ಇಟ್ಟು, ಒತ್ತಡದಲ್ಲೇ ಆರಲು ಬಿಡುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇಸ್ತ್ರಿ. ಶಾಯಿ ಒಡೆದು ಬಿಳಿ ಗೆರೆ ಬಿದ್ದ ಮಡಿಕೆ ಇದರಿಂದ ಹೋಗುವುದಿಲ್ಲ. ಶಾಯಿ ಒಡೆಯದ ಮಡಿಕೆ, ಬೆರಳೊತ್ತು, ಅಲೆಯಂತೆ ಉಬ್ಬಿದ ಪುಟ ಮಾಯವಾಗುತ್ತವೆ. ಕೆಲಸ ಚೆನ್ನಾಗಿದ್ದರೆ ಆಮೇಲೆ ಪತ್ತೆಹಚ್ಚುವುದು ಬಹಳ ಕಷ್ಟ. ಸಿಜಿಸಿ ಇದನ್ನು ರೆಸ್ಟೊರೇಶನ್ ಎಂದು ಪರಿಗಣಿಸುವುದಿಲ್ಲ. ಚೀಟಿಯಲ್ಲಿ ಅದರ ಸುದ್ದಿಯೇ ಇರುವುದಿಲ್ಲ.

ಇದನ್ನು ಸಮರ್ಥಿಸುವವರ ವಾದವನ್ನು ಹಗುರವಾಗಿ ನೋಡಬಾರದು. ಪುಸ್ತಕ ಅಚ್ಚುಕೂಟದಿಂದ ಬಂದಾಗ ಸಪಾಟಾಗಿಯೇ ಇತ್ತು, ನಾವು ಅದನ್ನು ಮೊದಲಿನ ಸ್ಥಿತಿಗೆ ತಂದೆವು, ಹೊರಗಿನಿಂದ ಒಂದು ಚೂರು ಕಾಗದವನ್ನೂ ಸೇರಿಸಿಲ್ಲ ಎನ್ನುತ್ತಾರೆ. ಕೊಂಡವನ ಕೈಗೆ ಬಂದದ್ದು ಅವನು ಕಣ್ಣಾರೆ ಕಂಡ ವಸ್ತುವೇ ಅಲ್ಲವೇ, ಅವನಿಗಾದ ನಷ್ಟವೇನು?

ಪ್ರವಾದಿ ಮುಹಮ್ಮದ್(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ ತೇವ ಕಂಡು, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗವನ್ನು ಓದುಗರು ಬಲ್ಲರು. ರಾಮನಾಥಪುರದ ಬೇಲಿಗೆ ಆ ಹದೀಸ್ ನೇರವಾಗಿ ಅನ್ವಯಿಸುತ್ತದೆ. ಆದರೆ ಇಸ್ತ್ರಿ ಮಾಡಿದ ಪುಸ್ತಕದ ಅಡಿಯಲ್ಲಿ ಒದ್ದೆ ಧಾನ್ಯವಿಲ್ಲ. ಮಡಿಕೆ ನಿಜವಾಗಿಯೂ ಹೋಗಿದೆ. ಆದ್ದರಿಂದ ನಮಗೆ ಬೇಕಾದದ್ದು ಬೇರೊಂದು ಹದೀಸ್.

ಒಂಟೆಯನ್ನೋ ಕುರಿಯನ್ನೋ ಮಾರುವ ಮುನ್ನ ಒಂದೆರಡು ದಿನ ಹಾಲು ಕರೆಯದೆ ಕೆಚ್ಚಲಲ್ಲೇ ನಿಲ್ಲಿಸುವ ಪದ್ಧತಿ ಅರಬರಲ್ಲಿತ್ತು. ಅದಕ್ಕೆ 'ತಸ್ರಿಯಾ' ಎನ್ನುತ್ತಾರೆ. ನಮ್ಮ ದನಗಳ ಜಾತ್ರೆಗಳಿಗೂ ಇದು ಹೊಸದೇನಲ್ಲ, ಕೆಚ್ಚಲು ಬಿಗಿದು ಕಾಣಲೆಂದು ಬೆಳಗ್ಗೆ ಕರೆಯದೆ ಹಸುವನ್ನು ಹೊಡೆದುಕೊಂಡು ಬರುವವರಿದ್ದಾರೆ. ಪ್ರವಾದಿಯವರು(ಸ) ಇದನ್ನು ನಿಷೇಧಿಸಿದರು. ಹಾಗೆ ಕೊಂಡವನು ಮೂರು ದಿನದೊಳಗೆ, ಕುಡಿದ ಹಾಲಿನ ಬದಲಿಗೆ ಒಂದು ಸಾಅ್ ಖರ್ಜೂರದೊಂದಿಗೆ ಪ್ರಾಣಿಯನ್ನು ಹಿಂದಿರುಗಿಸಬಹುದು ಎಂದರು. ಗಮನಿಸಿ, ಇಲ್ಲಿ ಮಾರುವವನು ಏನನ್ನೂ ಸೇರಿಸಿಲ್ಲ. ಹಾಲು ಅದೇ ಪ್ರಾಣಿಯದು, ಕೆಚ್ಚಲೂ ಅದರದೇ. ಅವನು ಒಂದು ಸುಳ್ಳು ಮಾತನ್ನೂ ಆಡಿಲ್ಲ. ಕೆಚ್ಚಲೇ ಅವನ ಪರವಾಗಿ ಮಾತಾಡಿತು, ಈ ಪ್ರಾಣಿ ದಿನವೂ ಇಷ್ಟು ಕೊಡುತ್ತದೆ ಎಂದಿತು. ಮೂರನೆಯ ದಿನಕ್ಕೆ ಅದು ಸುಳ್ಳಾಯಿತು.

ಮಡಿಕೆಯಿಲ್ಲದ ಪುಸ್ತಕವೂ ಹಾಗೆಯೇ ಮಾತಾಡುತ್ತದೆ. ಅರುವತ್ತು ವರ್ಷ ನನ್ನನ್ನು ಯಾರೂ ಒರಟಾಗಿ ಮುಟ್ಟಿಲ್ಲ ಎನ್ನುತ್ತದೆ. ಕೊಳ್ಳುವವನು ಬೆಲೆ ಕೊಡುವುದು ಆ ಮಾತಿಗೆ. ಇನ್ನೂ ಒಂದಿದೆ. ಇಸ್ತ್ರಿ ಮಾಡಿದ ಪುಸ್ತಕವನ್ನು ಮುಂದೆ ತೇವದ ಗಾಳಿಯಲ್ಲಿಟ್ಟರೆ ಬಿಡಿಸಿದ ಮಡಿಕೆ ಮರಳಿ ಮೇಲೆದ್ದೀತು. ಬಿಸಿ ಹೆಚ್ಚಾಗಿ ರಕ್ಷಾಪುಟ ಕುಗ್ಗಿ ಒಳಪುಟಗಳ ಅಂಚು ಹೊರಗೆ ಇಣುಕಿದ ಉದಾಹರಣೆಗಳೂ ಇವೆ.

ಹಾಗಾದರೆ ಚೆಂದ ಮಾಡುವುದೆಲ್ಲ ಮೋಸವೇ? ಜಾತ್ರೆಗೆ ಬರುವ ಎತ್ತಿನ ಕೊಂಬು ಹೆರೆದು ಎಣ್ಣೆ ಸವರುತ್ತಾರೆ, ಮೈ ತೊಳೆಯುತ್ತಾರೆ. ಯಾರೂ ಅದನ್ನು ಮೋಸ ಎನ್ನುವುದಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತು. ಕೊಳ್ಳುವವನು ಎಣ್ಣೆಗೆ ದುಡ್ಡು ಕೊಡುವುದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹನಫೀ ಕರ್ಮಶಾಸ್ತ್ರದ ಪ್ರಸಿದ್ಧ ಗ್ರಂಥ 'ಹಿದಾಯಾ' ಇಲ್ಲಿ ಒಂದು ಸರಳ ಅಳತೆಗೋಲು ಕೊಡುತ್ತದೆ. ವ್ಯಾಪಾರಿಗಳ ರೂಢಿಯಲ್ಲಿ ಯಾವುದು ವಸ್ತುವಿನ ಬೆಲೆ ಇಳಿಸುತ್ತದೋ ಅದೇ ದೋಷ ಎಂಬುದು ಅದರ ಸಾರ. ಕಾಮಿಕ್ಸ್ ಸಂಗ್ರಾಹಕರೆಲ್ಲ ಇಂದು ಇಸ್ತ್ರಿಯನ್ನು ಕೊಂಬಿನ ಎಣ್ಣೆಯಂತೆ ಕಂಡರೆ ಅದು ದೋಷವಲ್ಲ. ಹಾಗಿದ್ದ ಮೇಲೆ ಹೇಳಲು ಅಂಜಿಕೆ ಏಕೆ? ಹೇಳಿದರೆ ಒಬ್ಬ ಗಿರಾಕಿಯಾದರೂ ಬೆಲೆ ಇಳಿಸಿ ಕೇಳಿಯಾನು ಎಂಬ ಅಳುಕು ಮಾರುವವನಲ್ಲಿದ್ದರೆ, ಅದು ಇನ್ನೂ ಎಣ್ಣೆಯಾಗಿಲ್ಲ, ಕರೆಯದ ಕೆಚ್ಚಲಾಗಿಯೇ ಇದೆ. ಪತ್ತೆಯಾಗುವುದಿಲ್ಲ ಎಂಬುದು ಸುಮ್ಮನಿರಲು ಕಾರಣವಾಗಲಾರದು. ಕೊಳ್ಳುವವನು ತಾನಾಗಿ ಕಂಡುಹಿಡಿಯಲಾರದ್ದನ್ನೇ ತಾನೇ ಮಾರುವವನು ಬಾಯಿಬಿಟ್ಟು ಹೇಳಬೇಕಾದ್ದು?

ಬಟ್ಟೆ ವ್ಯಾಪಾರಿಯಾಗಿದ್ದ ಇಮಾಮ್ ಅಬೂ ಹನೀಫಾ(ರ) ಒಮ್ಮೆ ದೋಷವಿದ್ದ ಬಟ್ಟೆಯೊಂದನ್ನು ತಮ್ಮ ಪಾಲುದಾರನಿಗೆ ಕಳುಹಿಸಿ, ಮಾರುವಾಗ ದೋಷವನ್ನು ತಿಳಿಸಬೇಕೆಂದು ಹೇಳಿದ್ದರಂತೆ. ಆತ ಮರೆತು ಮಾರಿದ. ಕೊಂಡವನು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಮಾರಾಟದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಮರೆವಿಗೇ ಅಷ್ಟು ಬೆಲೆ ತೆತ್ತವರು ಅವರು.

ಅಂಕ ಕೊಡುವವರ ಕುರಿತೂ ಒಂದು ಮಾತು ಹೇಳಬೇಕು. ಸಿಜಿಸಿಯ ಬಳಗ 2012ರಲ್ಲಿ ಪ್ರೆಸ್ಸಿಂಗ್ ಮಾಡುವ ಕಂಪನಿಯೊಂದನ್ನು ಕೊಂಡುಕೊಂಡಿತು. ಈಗ ಒಂದೇ ಬಳಗದ ಒಂದು ಕೋಣೆಯಲ್ಲಿ ಇಸ್ತ್ರಿ, ಇನ್ನೊಂದು ಕೋಣೆಯಲ್ಲಿ ಅಂಕ. ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲದಿರಬಹುದು. ಆದರೂ ತಕ್ಕಡಿ ಹಿಡಿದವನೇ ಸರಕನ್ನು ಸಿಂಗರಿಸುವ ಕೂಲಿಯನ್ನೂ ಪಡೆದರೆ ಸಂತೆಯಲ್ಲಿ ಜನ ಸುಮ್ಮನಿರುತ್ತಾರೆಯೇ? ತೂಕದಲ್ಲಿ ಕಡಿತ ಮಾಡುವವರನ್ನು ಕುರ್‌ಆನ್ ಒಂದು ಅಧ್ಯಾಯದ ಆರಂಭದಲ್ಲೇ ಎಚ್ಚರಿಸಿರುವುದು ಸುಮ್ಮನೆ ಅಲ್ಲ. ಕವಚದ ಮೇಲಿನ ನಂಬಿಕೆಗೂ ಮಿತಿಯಿದೆ. ಕವಚ ಬಿಚ್ಚಿ, ಒಳಗಿನ ಒಳ್ಳೆಯ ಪ್ರತಿ ತೆಗೆದು, ಕೀಳು ಪ್ರತಿ ಇಟ್ಟು, ಕವಚ ಬದಲಿಸಿಕೊಡಿ ಎಂದು ಅದೇ ಸಂಸ್ಥೆಗೆ ಕಳುಹಿಸಿದ ವಂಚನೆ 2023ರ ಕೊನೆಯಲ್ಲಿ ಬಯಲಾಯಿತು. ಅಂದರೆ ಮತ್ತೆ ಬೇಲಿನೊಳಗಿನ ಕಂದಿದ ಎಲೆ.

ನಮ್ಮ ಮದ್ರಸಗಳಲ್ಲಿ ಬಿಚ್ಚಿಹೋದ ಮುಸ್‌ಹಫನ್ನು ಮೈದಾ ಅಂಟು ಹಚ್ಚಿ, ಬೆನ್ನಿಗೆ ಬಟ್ಟೆ ಅಂಟಿಸಿ ಸರಿಪಡಿಸುತ್ತಾರೆ. ತೇಪೆ ಎದ್ದು ಕಾಣುತ್ತದೆ, ಯಾರೂ ಅದನ್ನು ಮುಚ್ಚಿಡುವುದಿಲ್ಲ. ನಾಳೆ ಇನ್ನೊಂದು ಮಗು ಅದನ್ನು ಓದಬೇಕು ಎಂಬುದಷ್ಟೇ ಅಲ್ಲಿಯ ಕಾಳಜಿ. ಹಸ್ತಪ್ರತಿಗಳನ್ನು ಕಾಪಾಡುವ ತಜ್ಞರ ನಿಯಮವೂ ಇದೇ: ಮಾಡಿದ ರಿಪೇರಿ ನೋಡುವವರಿಗೆ ತಿಳಿಯಬೇಕು, ಬೇಕೆಂದಾಗ ಬಿಡಿಸಲು ಬರಬೇಕು, ಏನು ಮಾಡಿದೆವೆಂದು ಬರೆದಿಡಬೇಕು. ಅಂದ ಹಾಗೆ, ಬಹಾದೂರನ ಕರ್ತೃ ಆಬಿದ್ ಸುರ್ತಿಯವರು 2007ರಿಂದ ಮುಂಬೈ ಪಕ್ಕದ ಮೀರಾ ರೋಡ್‌ನಲ್ಲಿ ಪ್ಲಂಬರ್ ಒಬ್ಬರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಸೋರುವ ನಲ್ಲಿಗಳನ್ನು ಉಚಿತವಾಗಿ ರಿಪೇರಿ ಮಾಡಿಸುವ ಕೆಲಸಕ್ಕೆ ಇಳಿದರು. ಆ ರಿಪೇರಿಗೆ ಯಾರೂ ಅಂಕ ಕೊಡುವುದಿಲ್ಲ.

1965ರ ಕನ್ನಡ ಅಮರ ಚಿತ್ರಕಥೆಯೊಂದು ಇಂದು ಯಾರದೋ ಅಟ್ಟದಿಂದ ಕೆಳಗಿಳಿದರೆ ಅದನ್ನು ಶುಚಿ ಮಾಡಬಾರದೆಂದೇನಿಲ್ಲ. ಬೈಂಡಿಂಗ್ ಬಿಚ್ಚಲಿ, ತುಕ್ಕು ಹಿಡಿದ ಪಿನ್ನು ಬದಲಿಸಲಿ, ಇಸ್ತ್ರಿಯನ್ನೂ ಮಾಡಲಿ. ಮಾರುವಾಗ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಡಲಿ, ಕೊಳ್ಳುವವನು ಕೇಳದಿದ್ದರೂ ಸರಿ. ಮೊದಲ ಪುಟದಲ್ಲಿ ಯಾವುದೋ ಮಗು ಪೆನ್ಸಿಲಿನಲ್ಲಿ ತನ್ನ ಹೆಸರು, ತರಗತಿ ಬರೆದುಕೊಂಡಿದ್ದರೆ ರಬ್ಬರಿನಿಂದ ಅಳಿಸುವುದು ಸುಲಭ, ಅಂಕವೂ ಏರೀತು. ಆದರೆ ಆ ಮಗು ದುಡ್ಡು ಕೊಟ್ಟು ಕೊಂಡು ಓದಿದ ಪುಸ್ತಕ ಅದು. ಆ ಹೆಸರು ಅಲ್ಲೇ ಇರಲಿ.